ಶೆಣೈ ಸಾಹೇಬರ ಗಂಟು ಬಿಚ್ಚಿದ ಪ್ರಸಂಗ

ಎಳೆಗೆ ಎಳೆ ಕೂಡಿಸಿ ಜಗತ್ತನ್ನು ನೇಯ್ದು, ನೇಯ್ದ ಜಗತ್ತು ಜಾರಿಹೋಗದಂತೆ ಅದರ ತುದಿಗೊಂದು ಗಂಟು ಹಾಕಿ, ಆ ಗಂಟನ್ನು ಎಲ್ಲಿ ಹಾಕಿದೆನೆಂಬುದನ್ನೇ ಮರೆತು ಕುಳಿತಿರುವ ಆದಿನೇಕಾರನೇ, ಮೊದಲು ನಿನಗೆ ನಮಸ್ಕಾರ. ಲಾಳಿಯ ಮೇಲೆ ಸವಾರಿ ಹೊರಟ ಗಣಪನೇ, ನೂಲಿನುಂಡೆಯೊಳಗೆ ಸುತ್ತಿಕೊಂಡು ಕುಳಿತ ಸರಸ್ವತಿಯೇ, ನಿಮಗೂ ನಮಸ್ಕಾರ. ಮುರಿಯದ ದನಿಯನ್ನೂ ಹರಿಯದ ಎಳೆಯನ್ನೂ ದಯಪಾಲಿಸಿರಿ. ಕೇಳುವವರು ಕಾಲು ಚಾಚಿ, ಗೋಡೆಗೆ ಒರಗಿ, ನಡುನಡುವೆ ಹ್ಞೂಂಗುಟ್ಟಿರಿ. ಹ್ಞೂಂಗುಡುವವರಿಲ್ಲದಿದ್ದರೆ ಕಥೆಯೊಳಗಿನ ರಾಜಕುಮಾರ ನಡುದಾರಿಯಲ್ಲೇ ಕುದುರೆಯಿಳಿದು ಮಲಗಿಬಿಡುತ್ತಾನೆ, ಆಮೇಲೆ ಎಬ್ಬಿಸುವುದು ಕಷ್ಟ.

ಅದೊಂದು ಯುಗವಿತ್ತು. ಕೃಷ್ಣೆಗೂ ಘಟಪ್ರಭೆಗೂ ನಡುವಣ ನೇಕಾರಪಟ್ಟಣವೊಂದರಲ್ಲಿ ಹಗಲೆಂಬುದು ಮಗ್ಗದ ಸದ್ದಿನಿಂದ ಮೊದಲಾಗಿ ಮಗ್ಗದ ಸದ್ದಿನಲ್ಲೇ ಮುಗಿಯುತ್ತಿದ್ದ ಯುಗ; ಕರೆಂಟೆಂಬ ಚಂಚಲೆಯು ತನಗೆ ಮನಸ್ಸಾದಾಗ ಬಂದು ಮನಸ್ಸಾದಾಗ ಹೋಗುತ್ತಿದ್ದ ಯುಗ; ಮದುಮಗನಾದವನು ಅಕ್ಷತೆಯ ಮುಹೂರ್ತಕ್ಕೆ ಧೋತರವುಟ್ಟರೂ ಹಿಂದಿನ ಸಂಜೆಯ ರಿಸೆಪ್ಷನ್ನಿಗೆ ಸೂಟು ತೊಟ್ಟು, ಬೆವರಿನ ಸಮುದ್ರದಲ್ಲಿ ಮುಳುಗೆದ್ದು, ಫೋಟೋದಲ್ಲಿ ಅಮರನಾಗಲೇಬೇಕಿದ್ದ ಯುಗ. ಆ ಯುಗದಲ್ಲಿ, ಆ ಪಟ್ಟಣದ ಮಗ್ಗದ ಓಣಿಯಲ್ಲಿ, ಸಹಸ್ರತಂತುಸಂಧಾನಚತುರನೂ ಛಿನ್ನಸೂತ್ರಸಂಜೀವನಾಂಗುಲೀಧರನೂ ಆದ ಶ್ರೀಶೈಲನೆಂಬ ವೀರನಿದ್ದನು.

ಪಾವರ್‌ಲೂಮಿನ ಭೋರ್ಗರೆತದ ನಡುವೆ ಸೀರೆಯ ಹಾಸಿನಲ್ಲಿ ಎಲ್ಲೋ ಒಂದು ಎಳೆ ಹರಿದರೆ ಅವನ ಕಣ್ಣು ಅದನ್ನು ಕಾಣುವ ಮೊದಲೇ ಬೆರಳು ಕಾಣುತ್ತಿತ್ತು. ಹರಿದ ಎರಡು ತುದಿಗಳನ್ನು ಹಿಡಿದು ಒಂದು ಗಂಟು. ಗಂಟಿನಾಚೆ ಉಳಿದ ಬಾಲಕ್ಕೆ ಕಿರುಗತ್ತರಿಯಿಂದ ಟಿಕ್. ಗಂಟು, ಟಿಕ್. ಗಂಟು, ಟಿಕ್. ಬಾಲ ಉಳಿದರೆ ಸೀರೆಗೆ ಕಳಂಕ, ಸೀರೆಗೆ ಕಳಂಕವಾದರೆ ಕುಲಕ್ಕೆ ಕಳಂಕ ಎಂಬುದನ್ನು ಬಾಲ್ಯದಲ್ಲಿ ಬೆನ್ನ ಮೇಲೆ ಬಿದ್ದ ಗುದ್ದುಗಳ ಮೂಲಕ ಅವನು ಕಲಿತಿದ್ದನು. ನಿದ್ದೆಯಲ್ಲೂ ಅವನ ಬಲಗೈ ಹೊದಿಕೆಯ ಅಂಚನ್ನು ತಡವರಿಸಿ ಗಾಳಿಯಲ್ಲೇ ಕತ್ತರಿಯಾಡಿಸುತ್ತಿತ್ತೆಂದು, ತಾಯಿಯಿಲ್ಲದ ಅವನನ್ನು ಸಾಕಿ ಬೆಳೆಸಿದ ಚಿಗವ್ವ ನೀಲವ್ವ ಇಂದಿಗೂ ಹೇಳುತ್ತಾಳೆ. ಇಂಥ ಗ್ರಂಥಿಸಾರ್ವಭೌಮನಿಗೆ ಮೂರು ಲೋಕದಲ್ಲಿ ಒಂದು ಗಂಟು ಮಾತ್ರ ಬರುತ್ತಿರಲಿಲ್ಲ. ಅದು ಟೈಯ ಗಂಟು.

ಅವನಿಗಷ್ಟೇ ಅಲ್ಲ, ಓಣಿಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಬರಬೇಕಾದ ಅಗತ್ಯವೇ ಇರಲಿಲ್ಲ, ಏಕೆಂದರೆ ಓಣಿಗೆ ಕಟ್ಟಿದ ಗಂಟೊಂದು ಇತ್ತು.

ಆ ಗಂಟಿನ ಜನ್ಮವೃತ್ತಾಂತ ಹೀಗಿದೆ. ಹಿಂದೊಂದು ಕಾಲದಲ್ಲಿ ಗುರುಪಾದಪ್ಪ ಮಾಮಾನ ಮಾಳಿಗೆಯ ಖೋಲಿಯಲ್ಲಿ ಶೆಣೈ ಎಂಬ ಔಷಧದ ಕಂಪನಿಯ ಪ್ರತಿನಿಧಿ ಬಾಡಿಗೆಗಿದ್ದನು. ಕರಾವಳಿಯಿಂದ ಬಂದ ಆ ಶ್ವೇತಾಂಗಿಧಾರಿಯು ದಿನವೂ ಬೆಳಿಗ್ಗೆ ಟೈ ಕಟ್ಟಿ, ಚರ್ಮದ ಚೀಲ ಹಿಡಿದು, ಡಾಕ್ಟರರ ಬಾಗಿಲುಗಳ ಮೇಲೆ ದಂಡೆತ್ತಿ ಹೋಗುತ್ತಿದ್ದನು. ವರ್ಗವಾಗಿ ಊರು ಬಿಡುವ ದಿನ, ತನ್ನ ಕೊರಳಲ್ಲಿದ್ದ ಕಡುಗೆಂಪಿನ ಹಳದಿ ಓರೆಗೆರೆಯ ಟೈಯನ್ನು ಕಟ್ಟಿದ್ದ ಹಾಗೆಯೇ ತಲೆಯ ಮೇಲಿಂದ ತೆಗೆದು, “ಮಗನ ಮದುವೆಗೆ ಇಟ್ಟುಕೊಳ್ಳಿ ಮಾರಾಯ್ರೆ, ಗಂಟು ಬಿಚ್ಚಬೇಡಿ” ಎಂದು ಗುರುಪಾದಪ್ಪನ ಕೈಗಿತ್ತು ಬಸ್ಸು ಹತ್ತಿದನು. ಗುರುಪಾದಪ್ಪನು ಅದನ್ನು ಗಡಿಯಾರದ ಕೆಳಗಿನ ಮೊಳೆಗೆ ತೂಗುಹಾಕಿದನು.

ಅಂದಿನಿಂದ ಆ ಓಣಿಯಲ್ಲಿ ಸೂಟು ತೊಟ್ಟ ಪ್ರತಿಯೊಬ್ಬ ಮದುಮಗನ ಕೊರಳಿಗೂ ಅದೇ ಟೈ. ಸಡಿಲಿಸಬೇಕು, ತಲೆಯ ಮೇಲಿಂದ ಇಳಿಸಬೇಕು, ಬಿಗಿಯಬೇಕು. ಮದುವೆ ಮುಗಿದ ಮೇಲೆ ಮೊಳೆಗೆ ಮರಳಿಸಬೇಕು. ಬಿಚ್ಚುವ ಮಾತು ಮಾತ್ರ ಯಾರೂ ಆಡುವಂತಿಲ್ಲ. ಓಣಿಯ ಬೀಗರು ಒಯ್ದರು, ಬೀಗರ ಬೀಗರು ಒಯ್ದರು. ಜಮಖಂಡಿ, ತೇರದಾಳ, ಮುಧೋಳಗಳ ಮಂಟಪಗಳಲ್ಲೆಲ್ಲ ಸಂಚರಿಸಿ, ದಿಗ್ವಿಜಯ ಮುಗಿಸಿದ ಕುದುರೆಯಂತೆ ಅದು ಮೊಳೆಗೆ ಹಿಂದಿರುಗುತ್ತಿತ್ತು. ಶೆಣೈ ಕೊನೆಯ ದಿನದ ಅವಸರದಲ್ಲಿ ಎಳೆದದ್ದರಿಂದ ಗಂಟಿನ ನೆತ್ತಿಯ ಹಳದಿ ಗೆರೆಯೊಂದು, ಯಾರೋ ಒಂದು ಹುಬ್ಬನ್ನಷ್ಟೇ ಏರಿಸಿದ ಹಾಗೆ, ಬಾಗಿ ನಿಂತಿತ್ತು. ಏಳು ಸಮುದ್ರದಾಚೆಯ ಗಿಣಿಯೊಳಗೆ ರಾಕ್ಷಸನ ಜೀವ ಇರುತ್ತದಲ್ಲ, ಹಾಗೆ ಆ ಏರಿದ ಹುಬ್ಬಿನೊಳಗೆ ಮಗ್ಗದ ಓಣಿಯ ಮಾನವಿತ್ತು.

ಈಗ ಶ್ರೀಶೈಲನ ಸಂಕಟವನ್ನು ಕೇಳಿರಿ. ನಿಶ್ಚಯದ ದಿನ ಅವನು ಇದೇ ಟೈ ಧರಿಸಿ, ನೆರೆಯೂರಿನ ನೇಕಾರರ ಮಗಳಾದ ದಾನೇಶ್ವರಿಯ ಪಕ್ಕದಲ್ಲಿ ಫೋಟೋಕ್ಕೆ ನಿಂತಿದ್ದನು. ಕುವಲಯದಳನಯನೆಯಾದ ಆ ಕನ್ಯೆಯು ಗಂಟನ್ನೊಮ್ಮೆ ನೋಡಿ, ಅವನನ್ನೊಮ್ಮೆ ನೋಡಿ, ಮೆಲ್ಲಗೆ ಕೇಳಿದಳು.

“ಟೈ ಭಾಳ ಚಂದ ಐತ್ರಿ. ಯಾರ ಕಟ್ಟಿದ್ರು?”

ಒಂದೇ ಕ್ಷಣ. ಆ ಕ್ಷಣದಲ್ಲಿ ಸತ್ಯವು ಅವನ ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಅವಳ ಬಳೆಯ ಸದ್ದಿಗೆ ಬೆದರಿ ಹಿಂದಕ್ಕೆ ಓಡಿತು.

“ನಾನ,” ಎಂದನು ಶ್ರೀಶೈಲ.

“ನೀವ?”

“ಹೂಂ. ಅದರಾಗೇನೈತಿ.”

“ಹಂಗಾರ ರಿಸೆಪ್ಷನ್ ದಿನಾನೂ ನೀವ ಕಟಗೊಂಡ ಬರ್ರಿ,” ಎಂದಳು ಅವಳು. “ನಾ ನೋಡತೀನಿ.”

ಅಂದಿನಿಂದ ಮದುವೆಯ ತನಕ ಅವರು ಫೋನಿನಲ್ಲಿ ಎಷ್ಟೋ ಮಾತಾಡಿದರು. ಅವನು ಅವಳಿಗೆ ಬೇರೊಂದು ಸುಳ್ಳು ಹೇಳಲಿಲ್ಲ. ಸಂಬಳವನ್ನು ಸಹ ಹೆಚ್ಚಿಸಿ ಹೇಳಲಿಲ್ಲ. ಆ ಒಂದೇ ಒಂದು ಸುಳ್ಳು ಮಾತ್ರ ಅನ್ನದೊಳಗಿನ ಹರಳಿನ ಹಾಗೆ ಆಗಾಗ ಹಲ್ಲಿಗೆ ಸಿಗುತ್ತಿತ್ತು. ಆದರೂ ಧೈರ್ಯವಿತ್ತು. ಮೊಳೆಯಿರುವ ತನಕ, ಮೊಳೆಯಲ್ಲಿ ಗಂಟಿರುವ ತನಕ, ಸುಳ್ಳಿಗೆ ಯಾವ ಭಯ?

ರಿಸೆಪ್ಷನ್ನಿನ ದಿನ ಮಧ್ಯಾಹ್ನ ವಿಧಿಯು ನೀಲವ್ವನ ರೂಪದಲ್ಲಿ ಸೆರಗು ಸಿಕ್ಕಿಸಿಕೊಂಡಿತು. ಮನೆಯ ಪಾತ್ರೆ ಪರಡಿ, ಪರದೆ, ಉಳ್ಳಾಗಡ್ಡಿ ಬುಟ್ಟಿಗಳನ್ನೆಲ್ಲ ತೊಳೆದು ಮುಗಿಸಿದ್ದರೂ ಇನ್ನೂ ತಣಿಯದ ಆ ಮಾಲಿನ್ಯಮರ್ದಿನಿಯು ಟೈ ತರಲು ಗುರುಪಾದಪ್ಪನ ಮನೆಗೆ ಹೋದಳು, ಮೊಳೆಯಿಂದ ಇಳಿಸಿದಳು, ಬೆಳಕಿಗೆ ಹಿಡಿದಳು, ಯಾವುದೋ ಗತಕಾಲದ ಮದುಮಗನೊಬ್ಬನ ಉಪ್ಪಿನಕಾಯಿ ಎಣ್ಣೆಯ ಕಲೆಯನ್ನು ಕಂಡಳು. ಮುಂದಿನದನ್ನು ವರ್ಣಿಸಲು ಲೇಖನಿ ನಡುಗುತ್ತದೆ. ಹಿತ್ತಿಲಿಗೆ ಹೋಗಿ, ದಬ್ಬಣದ ಮೊನೆಯಿಂದ ಗಂಟನ್ನು ಕೆದಕಿ, ಹಲ್ಲಿನಿಂದ ಜಗ್ಗಿ, ಆ ಪುರಾತನ ಗ್ರಂಥಿಯನ್ನು ಬಿಚ್ಚಿ, ಸೋಪು ಹಚ್ಚಿ ಕಲ್ಲಿಗೆ ಬಡಿದಳು. ಅಷ್ಟಕ್ಕೇ ಬಿಟ್ಟಳೇ? ನೇಕಾರರ ಮನೆಯಲ್ಲಿ ನೂಲು ಎಂದ ಮೇಲೆ ಅದಕ್ಕೆ ಗಂಜಿ ಕಾಣಿಸಬೇಕು. ಗಂಜಿ ಕಾಣದ ಎಳೆ ಎಳೆಯಲ್ಲ. ಅನ್ನದ ಗಂಜಿಯನ್ನು ಗಟ್ಟಿಯಾಗಿ ಕದಡಿ, ಅದರಲ್ಲಿ ಟೈಯನ್ನು ಅದ್ದಿ, ಬಿಸಿಲಿಗೆ ಒಣಗಿಸಿ, ಇಸ್ತ್ರಿ ಎಳೆದಳು.

ಮಗ್ಗದ ಕೋಣೆಯಲ್ಲಿ ಪ್ಯಾಂಟು ತೊಟ್ಟು, ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ ಶ್ರೀಶೈಲನೆದುರು ಅವಳು ಬಂದು ನಿಂತಾಗ, ಅವಳ ಎರಡೂ ಅಂಗೈಗಳ ಮೇಲೆ ಅದು ಒರೆಯಿಂದ ತೆಗೆದ ಖಡ್ಗದಂತೆ ನೆಟ್ಟಗೆ, ಬಾಗದೆ, ಬಳುಕದೆ ಮಲಗಿತ್ತು.

“ಹೆಂಗೈತಿ ನೋಡು. ಹೊಸಾದು ಆದಂಗ ಆಗೇತಿ,” ಎಂದಳು ನೀಲವ್ವ.

ಶ್ರೀಶೈಲನು ಟೈಯ ಒಂದು ತುದಿ ಹಿಡಿದು ಎತ್ತಿದನು. ಇನ್ನೊಂದು ತುದಿಯೂ ಅದರ ಜೊತೆಗೇ ಎದ್ದಿತು.

“ಚಿಗವ್ವಾ,” ಎಂದನು, “ಗಂಟ ಎಲ್ಲೈತಿ?”

“ಗಂಟಿನ್ಯಾಗ ಎಷ್ಟ ಹೊಲಸ ಕುಂತಿತ್ತು ಅಂತೀ. ಬಿಚ್ಚಿ ತೊಳದ್ಯಾ.”

ಇಷ್ಟರಲ್ಲಿ ಮೊಳೆ ಬರಿದಾದದ್ದನ್ನು ಕಂಡು ಗುರುಪಾದಪ್ಪನು ಧೋತರದ ಚುಂಗು ಹಿಡಿದು ಓಡಿಬಂದನು. ಒಣಗಿದ ಟೈಯನ್ನು ಕಂಡೊಡನೆ ಆ ಗ್ರಂಥಿಪಾಲಕವೃದ್ಧನು ಧೋತರದ ಚುಂಗನ್ನೂ ಕೈಬಿಟ್ಟನು. ‘ಹಾ ಗ್ರಂಥಿಯೇ, ಹಾ ಶೆಣೈಕರಕಮಲಸಂಜಾತೆಯೇ, ಅಸಂಖ್ಯ ಕೊರಳುಗಳನ್ನು ಆಲಿಂಗಿಸಿಯೂ ಒಂದನ್ನೂ ಉಸಿರುಗಟ್ಟಿಸದ ಕರುಣಾಳುವೇ, ಸೋಪಿನ ನೊರೆಯಲ್ಲಿ ನಿನಗೆ ಮೋಕ್ಷವಾಯಿತೇ’ ಎಂದು ಅವನ ಅಂತರಂಗವು ರೋದಿಸಿತು. ಬಾಯಿ ಮಾತ್ರ, “ನೀಲವ್ವಾ, ಬಿಚ್ಚಿದೇನು?” ಎಂದಿತು.

“ಅದರಾಗ ಎಷ್ಟ ಮಂದಿ ಬೆವರಿತ್ತು ಗೊತ್ತೇನು ನಿನಗ?”

“ಅದು ಬೆವರಲ್ಲ ಯವ್ವಾ. ಅದು ಇತಿಹಾಸ.”

“ಇತಿಹಾಸ ನಾರತಿತ್ತು,” ಎಂದು ನೀಲವ್ವ ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು.

ಮಂಟಪಕ್ಕೆ ಹೊರಡಲು ಇನ್ನು ಸ್ವಲ್ಪವೇ ಹೊತ್ತಿತ್ತು. ಶ್ರೀಶೈಲನ ಕಣ್ಣ ಮುಂದೆ ದಾನೇಶ್ವರಿ ನಿಂತಂತಾಯಿತು. ‘ನಾ ನೋಡತೀನಿ’ ಎಂದ ಧ್ವನಿ ಕೇಳಿದಂತಾಯಿತು. ಟೈ ಇಲ್ಲದೆ ಹೋದರೆ ಸುಳ್ಳುಗಾರ. ಬೇರೆಯವರಿಂದ ಕಟ್ಟಿಸಿಕೊಂಡು ಹೋದರೂ ಸುಳ್ಳುಗಾರ. ಸಂಸಾರದ ಮಗ್ಗಕ್ಕೆ ಮೊದಲ ಎಳೆ ಹೂಡುವ ಸಂಜೆಯೇ ಎಳೆ ಹರಿಯಬೇಕೆ? ಆಗ ವೀರನು ಎದೆಯುಬ್ಬಿಸಿ, ‘ಕೇಳಿರಿ ಓಣಿಯ ಮಗ್ಗಗಳಿರಾ, ಕೇಳು ಓ ಇಸ್ತ್ರಿಪೆಟ್ಟಿಗೆಯೇ! ಈ ಅನಮ್ಯಕಂಠಪಾಶವನ್ನು ಸ್ವಹಸ್ತದಿಂದ ಬಾಗಿಸಿ, ಗ್ರಂಥಿಸಿ, ಧರಿಸದ ಹೊರತು ಈ ಹೊಸ್ತಿಲನ್ನು ದಾಟಿದೆನಾದರೆ ನಾನು ಲಾಳಿ ಹಿಡಿದವನೇ ಅಲ್ಲ’ ಎಂಬ ಭೀಷಣ ಪ್ರತಿಜ್ಞೆಯನ್ನು ಮಾಡಿದನು. ಮಗ್ಗದ ಸದ್ದಿನಲ್ಲಿ ಅದು, “ಹೆಂಗರ ಮಾಡಿ ನಾನ ಕಟ್ಟಬೇಕಲ್ಲೋ ಮಾಮಾ” ಎಂದಷ್ಟೇ ಕೇಳಿಸಿತು.

ಪ್ರತಿಜ್ಞೆಯನ್ನು ಕೇಳಿ, ಬಾಗಿಲಲ್ಲಿ ಟಂಟಂ ನಿಲ್ಲಿಸಿಕೊಂಡು ಕಾಯುತ್ತಿದ್ದ ಪರಮಮಿತ್ರ ದುಂಡಪ್ಪನು ಒಳನುಗ್ಗಿದನು. ತ್ರಿಚಕ್ರರಥಚಾಲನಪ್ರಚಂಡನಾದ ಅವನು ಟೈಯನ್ನು ತೃಣಕ್ಕೆ ಸಮಾನವಾಗಿ ಕಂಡನು.

“ಏ, ಇದನೇನ್ ದೊಡ್ಡದ ಮಾಡತೀರೋ. ಸಾಲ್ಯಾಗ ನಾ ದಿನಾ ಹಾಕತಿದ್ದೆ.”

“ನಿನ್ನ ಸಾಲಿ ಟೈಗೆ ಇಲಾಸ್ಟಿಕ್ ಇತ್ತಲ್ಲೋ,” ಎಂದನು ಶ್ರೀಶೈಲ.

“ಇಲಾಸ್ಟಿಕ್ ಹಿಂದಿತ್ತು. ಮುಂದ ಗಂಟ ಇತ್ತು. ನಾ ಗಂಟ ನೋಡೀನಿ.”

ಆದರೆ ಕನ್ನಡಿಯಲ್ಲಿ ನೋಡಿ ಕಟ್ಟಿದರೆ ಎಡ ಬಲ ತಿರುಗುಮುರುಗಾಗುತ್ತದೆ, ಎದುರಿನಿಂದ ನಿಂತು ಕಟ್ಟಿದರೆ ಶ್ರೀಶೈಲನು ಪದೇ ಪದೇ ಉಗುಳು ನುಂಗುತ್ತಾನೆ. ಆದುದರಿಂದ ಪ್ರಯೋಗಕ್ಕೆ ತಾಮ್ರದ ಕೊಡವನ್ನು ತಂದು ಸ್ಟೂಲಿನ ಮೇಲೆ ಕೂರಿಸಲಾಯಿತು. ಅಳತೆ ಸಿಗಲಿ ಎಂದು ದುಂಡಪ್ಪನು ಮದುಮಗನ ಕೋಟನ್ನು ಅದಕ್ಕೆ ಹೊದಿಸಿದನು. ಟೈಗೆ ತಂಬಿಗೆಯ ನೀರು ಚಿಮುಕಿಸಲಾಯಿತು. ಗಂಜಿ ಅಂಟಂಟಾಗಿ, ಟೈ ಮೊದಲು ಮುನಿದು, ಆಮೇಲೆ ಒಲ್ಲದ ಮನಸ್ಸಿನಿಂದ ಬಾಗಿತು. ದುಂಡಪ್ಪನು ಸುತ್ತಿದನು, ತುರುಕಿದನು, ಎಳೆದನು, ಬೈದನು. ಕಡೆಗೆ ಆ ಕೊಡದ ಕಂಠದಲ್ಲಿ ಗಂಟಿನಂಥದೊಂದು ಆವಿರ್ಭವಿಸಿತು. ಸೂಟು ಬೂಟಿನ ಮಂತ್ರಿಯಂತೆ ಕೊಡವು ಗಂಭೀರವಾಗಿ ಕುಳಿತಿತು.

ಗುರುಪಾದಪ್ಪನು ಅದನ್ನು ಬಹಳ ಹೊತ್ತು ದಿಟ್ಟಿಸಿದನು. “ಮದಿಮಗಾ ಭಾಳ ಶಾಂತ ಅದಾನ,” ಎಂದನು. “ಇವನ್ನ ಕಳಸೂಣೇನು?”

“ನಗಬ್ಯಾಡ ಮಾಮಾ. ತಗದು ಇವಗ ಹಾಕೂಣು,” ಎಂದನು ದುಂಡಪ್ಪ.

ತೆಗೆಯಲು ಬರಲಿಲ್ಲ. ಕೊಡದ ಬಾಯಿ ಅದರ ಕೊರಳಿಗಿಂತ ಅಗಲ. ಅಂಟಿದ ಗಂಜಿಯಿಂದಾಗಿ ಗಂಟು ಸಡಿಲಲೂ ಒಲ್ಲದು. ಬಿಚ್ಚದೆ ವಿಧಿಯಿರಲಿಲ್ಲ. ಬಿಚ್ಚಿದ ಮೇಲೆ ದುಂಡಪ್ಪನಿಗೆ ತಾನು ಏನು ಮಾಡಿದ್ದೆನೆಂಬುದು ನೆನಪಾಗಲಿಲ್ಲ. ಮತ್ತೆ ಕೊಡಕ್ಕೆ ಕಟ್ಟಿದನು, ಆಗಲಿಲ್ಲ. ಸ್ಟೂಲಿಗೆ ಕಟ್ಟಿದನು, ಆಗಲಿಲ್ಲ. ಮಹಾಸಾಧನೆಯೊಂದನ್ನು ಕೊಡವೊಂದೇ ಅನುಭವಿಸಿ ಮುಗಿಸಿತ್ತು.

ಆಗ ಅವರು ದುಂಡಪ್ಪನ ಮೊಬೈಲಿನ ಮೊರೆಹೋದರು. ಗಡ್ಡ ಟ್ರಿಮ್ಮು ಮಾಡಿದ ವಿದೇಶೀ ಗಂಧರ್ವನೊಬ್ಬನು ಪರದೆಯಲ್ಲಿ ಪ್ರತ್ಯಕ್ಷನಾಗಿ, ಮುಗುಳ್ನಗುತ್ತ, ಅಗಲದ ತುದಿಯನ್ನು ಸಪೂರದ ತುದಿಯ ಮೇಲೆ ಅಡ್ಡ ಹಾಯಿಸಿದನು. ಶ್ರೀಶೈಲನೂ ಹಾಯಿಸಿದನು. ಗಂಧರ್ವನು ಹಿಂದಿನಿಂದ ಸುತ್ತಿ ಮುಂದಕ್ಕೆ ತಂದನು. ಶ್ರೀಶೈಲನೂ ತಂದನು. ಗಂಧರ್ವನು ತುದಿಯನ್ನು ಕೊರಳ ಸಂದಿಯಿಂದ ಮೇಲಕ್ಕೆತ್ತಿ, ಇನ್ನೇನು ಎಲ್ಲಿಗೋ ತೂರಿಸಬೇಕು, ಅಷ್ಟರಲ್ಲಿ ಓಣಿಯ ಸಮಸ್ತ ಮಗ್ಗಗಳ ರಣಭೇರಿಯೂ ಒಮ್ಮೆಲೇ ನಿಂತುಹೋಯಿತು.

ಕರೆಂಟು ಹೋಗಿತ್ತು. ಕರೆಂಟಿನ ಹಿಂದೆ, ಫೋನಿನಲ್ಲಿ ಮಾತಾಡುವಷ್ಟನ್ನು ಮಾತ್ರ ಉಳಿಸಿ, ಇಂಟರ್ನೆಟ್ಟಿನ ನೆಟ್‌ವರ್ಕು. ಗಂಧರ್ವನು ಕೈಯನ್ನು ಗಾಳಿಯಲ್ಲೇ ಹಿಡಿದು, ನಗುಮುಖದಿಂದ, ಕಲ್ಲಾಗಿ ನಿಂತನು. ಅಹಲ್ಯೆಗಾದರೂ ಕಾಯಲು ಒಬ್ಬನಿದ್ದನು. ಇವನಿಗೆ ನಮ್ಮ ವಿದ್ಯುತ್ ಇಲಾಖೆಯೇ ಗತಿ.

ಪಾವರ್‌ಲೂಮಿನ ಊರಿನಲ್ಲಿ ಕರೆಂಟು ಹೋಯಿತೆಂದರೆ ಕೈಗಳಿಗೆಲ್ಲ ಬಿಡುವು. ಬಿಡುವಾದ ಕೈಗಳು ಎಲ್ಲಿ ಗದ್ದಲವಿದೆಯೋ ಅಲ್ಲಿಗೆ ಹರಿಯುತ್ತವೆ. ನೋಡನೋಡುತ್ತಿದ್ದಂತೆ ಮನೆಮನೆಯಿಂದ ಚತುರಂಗಬಲ ಹೊರಟು ಮಗ್ಗದ ಕೋಣೆಯ ಬಾಗಿಲು, ಕಿಟಕಿ, ಪಡಸಾಲೆಗಳನ್ನು ತುಂಬಿತು. ಶ್ರೀಶೈಲನ ಕೊರಳು ಓಣಿಯ ಪಂಚಾಯತಿಯ ಕಟ್ಟೆಯಾಯಿತು. ಆ ಅಕ್ಷೋಹಿಣಿಯ ನಾನಾ ಮುಖಗಳಿಂದ ನಾನಾ ಬಾಣಗಳು ಹಾರಿಬಂದವು.

“ಸೀರಿ ನಿರಿಗಿ ಹಿಡದಂಗ ಹಿಡಿ. ಆಮ್ಯಾಲ ಒಳಗ ಸಿಗಸು.”

“ಸಿಗಸಾಕ ಅದೇನ ಹೊಟ್ಟಿ ಐತೇನ ಬೇ? ಕೊರಳೈತಿ.”

“ಎತ್ತಿನ ಹಗ್ಗ ಹಾಕತಾರಲ್ಲ, ಹಂಗ ಒಂದ ಸರಗುಣಕಿ ಗಂಟ ಹಾಕ್ರಿ.”

“ಹಾಕ್ರಿ, ಆದ್ರ ಜಗ್ಗಬ್ಯಾಡ್ರಿ. ನಾಳಿ ಅಕ್ಷತಾ ಐತಿ.”

“ನಮ್ಮ ಮನಿಯವ್ರ ಸೂಟಿನ ಮ್ಯಾಲ ಟವೆಲ್ ಹಾಕ್ಕೊಂಡ ನಿಂತಿದ್ರು. ಏನ ಕಡಿಮಿ ಆಗೇತಿ ಈಗ?”

ಒಬ್ಬೊಬ್ಬರೂ ಒಂದೊಂದು ಸಲ ಕೈಹಾಕಿದರು. ಟೈಯು ಒಮ್ಮೆ ಕಿವಿಯ ಕೆಳಗೆ ಗಂಟಾಯಿತು, ಒಮ್ಮೆ ಬೆನ್ನಿಗೆ ಜಾರಿತು, ಒಮ್ಮೆ ಶ್ರೀಶೈಲನ ಕೊರಳಿನೊಡನೆ ಗುರುಪಾದಪ್ಪನ ಹೆಬ್ಬೆರಳನ್ನೂ ಸೇರಿಸಿ ಬಿಗಿಯಿತು. ಇಬ್ಬರನ್ನೂ ಬೇರ್ಪಡಿಸಲು ನೀಲವ್ವನೇ ದಬ್ಬಣ ಹಿಡಿದು ಬರಬೇಕಾಯಿತು. ಅಷ್ಟರಲ್ಲಿ ಮಂಟಪದಿಂದ ದೂತನಂತೆ ಫೋನು ಬಂದಿತು. ಬೀಗರು ಬಂದಿದ್ದಾರೆ, ಹುಡುಗಿ ತಯಾರಾಗಿದ್ದಾಳೆ, ಫೋಟೋದವನು ಮದುಮಗ ಎಲ್ಲಿ ಎಂದು ಕೂಗಾಡುತ್ತಿದ್ದಾನೆ.

“ಬಂದ್ವಿ, ದಾರ್ಯಾಗ ಅದೀವಿ,” ಎಂದನು ದುಂಡಪ್ಪ. ಟಂಟಂ ಇನ್ನೂ ಬಾಗಿಲಲ್ಲೇ ಇತ್ತು.

ವೀರನ ಹಣೆಯಲ್ಲಿ ಬೆವರು ಹರಿಯಿತು. ಗಂಜಿಯ ವಾಸನೆಗೆ ಕಣ್ಣು ಮಂಜಾಯಿತು. ಇನ್ನು ಮುಗಿಯಿತು, ಹೋಗಿ ಒಪ್ಪಿಕೊಂಡುಬಿಡುತ್ತೇನೆ, ನಗಲಿ, ಬಯ್ಯಲಿ, ಮದುವೆಯನ್ನೇ ಮುರಿಯಲಿ ಎಂದು ಅವನು ಟೈಯನ್ನು ಕೊರಳಿನಿಂದ ತೆಗೆಯಲು ಕೈಯೆತ್ತಿದನು.

ಆಗ ಕರೆಂಟು ಬಂದಿತು.

ಸುದೀರ್ಘ ಮೌನದಿಂದ ಎಚ್ಚೆತ್ತ ಮಗ್ಗಗಳು ಒಂದೊಂದಾಗಿ ಗುಡುಗಲಾರಂಭಿಸಿದವು. ಬಂದ ಕರೆಂಟು ಮತ್ತೆ ಯಾವಾಗ ಹೋಗುವುದೋ ಬಲ್ಲವರಾರು? ಬಂದಷ್ಟು ಹೊತ್ತು ನೇಯಬೇಕು. ಚತುರಂಗಬಲವು ಕ್ಷಣಾರ್ಧದಲ್ಲಿ ಚೆದುರಿ ಮನೆಮನೆಗೆ ಓಡಿತು. ಗುರುಪಾದಪ್ಪನು ಹೆಬ್ಬೆರಳು ಚೀಪುತ್ತ ಓಡಿದನು. ಅಣ್ಣನ ಮಗ್ಗ ನೋಡುವವರಿಲ್ಲವೆಂದು ದುಂಡಪ್ಪನೂ, “ಎರಡ ಮಿನಿಟ, ಬಂದೆ” ಎಂದು ಮೊಬೈಲು ಹಿಡಿದುಕೊಂಡೇ ಓಡಿದನು. ನೀಲವ್ವ ನೀರಿನ ಮೋಟಾರು ಹಾಕಲು ಹಿತ್ತಿಲಿಗೆ ಓಡಿದಳು. ಮಿತ್ರರಿಲ್ಲ, ಸಲಹೆಗಾರರಿಲ್ಲ, ಗಂಧರ್ವನೂ ಇಲ್ಲ. ರಣರಂಗದಲ್ಲಿ ಉಳಿದವರು ಇಬ್ಬರೇ, ಶ್ರೀಶೈಲ ಮತ್ತು ಅವನ ಟೈ. ಕೋಟು ತೊಟ್ಟ ಕೊಡವೊಂದು ಮೂಲೆಯಿಂದ ನೋಡುತ್ತಿತ್ತು.

ಅವನು ಎಂದಿನಂತೆ ತನ್ನ ಮಗ್ಗದ ಪಕ್ಕಕ್ಕೆ ಸರಿದು ನಿಂತನು. ಅಕ್ಕಪಕ್ಕದ ಮನೆಗಳ ಖಟಕ್ ಖಟಕ್ ಸದ್ದು ನೆಲದಿಂದ ಹತ್ತಿ, ಹಿಮ್ಮಡಿಯಿಂದ ಮೊಣಕಾಲಿಗೆ, ಮೊಣಕಾಲಿನಿಂದ ಬೆನ್ನಿಗೆ, ಬೆನ್ನಿನಿಂದ ಬೆರಳಿಗೆ ಬಂದಿತು. ಕಣ್ಣು ಮುಚ್ಚಿಕೊಂಡಿತು. ಬೆರಳು ಕಣ್ಣು ತೆರೆಯಿತು. ಅಗಲದ ಎಳೆ ಸಪೂರದ ಎಳೆಯನ್ನು ದಾಟಿತು, ಹಿಂದಿನಿಂದ ಬಂದಿತು, ಮುಂದಿನಿಂದ ಹಾಯಿತು, ಕೊರಳ ಸಂದಿಯಿಂದ ಮೇಲೆದ್ದಿತು, ಗಂಧರ್ವನು ಕಲ್ಲಾದ ಜಾಗದಲ್ಲಿ ಒಂದು ಘಳಿಗೆ ತಡೆದು ನಿಂತಿತು, ಆಮೇಲೆ, ಇಷ್ಟು ದಿನ ಗೊತ್ತಿದ್ದೂ ಹೇಳಿರಲಿಲ್ಲವೆಂಬಂತೆ, ಮುಂದಿನ ಮಡಿಕೆಯೊಳಗೆ ತಾನಾಗಿ ಇಳಿದುಹೋಯಿತು. ಅವನು ಜಗ್ಗಿದನು. ಗಂಟು ನಿಂತಿತು.

ದೇವತೆಗಳು ಪುಷ್ಪವೃಷ್ಟಿ ಮಾಡಲು ಬುಟ್ಟಿಗೆ ಕೈಹಾಕಿದರು. ಆದರೆ ಬೆರಳಿಗೆ ಇನ್ನೂ ಕೆಲಸ ಮುಗಿದಿರಲಿಲ್ಲ. ಮುಂದಿನ ಅಗಲದ ತುದಿಯ ಕೆಳಗೆ ಹಿಂದಿನ ಸಪೂರದ ತುದಿ ನಾಲ್ಕು ಬೆರಳಿನಷ್ಟು ಹೆಚ್ಚಾಗಿ ಇಣುಕುತ್ತಿತ್ತು. ಗಂಟು ಹಾಕಿಯಾಗಿದೆ, ಬಾಲ ಉಳಿದಿದೆ. ಬಲಗೈಯು ಯಾರ ಅಪ್ಪಣೆಯನ್ನೂ ಕೇಳದೆ ಮಗ್ಗದ ಮೇಲಿದ್ದ ಕಿರುಗತ್ತರಿಯನ್ನು ಎತ್ತಿಕೊಂಡಿತು.

ಟಿಕ್.

ಶ್ರೀಶೈಲನು ಕಣ್ಣು ತೆರೆದನು. ಅವನ ಪಾದದ ಬಳಿ ಶೆಣೈ ಸಾಹೇಬರ ಟೈಯ ಬಾಲವು ಹಲ್ಲಿಯ ಬಾಲದಂತೆ ಬಿದ್ದಿತ್ತು. ಮಾಡಬಾರದ್ದನ್ನು ಮಾಡಿದ್ದೆನೆಂದು ತಿಳಿಯಿತು. ಆದರೆ ಕನ್ನಡಿಯಲ್ಲಿ ನೋಡಿದರೆ ಅಳತೆ ಸರಿಯಾಗಿತ್ತು. ಅವನು ಕೊಡದ ಮೈಮೇಲಿನ ಕೋಟನ್ನು ಕಸಿದು, ತುಂಡನ್ನು ಪ್ಯಾಂಟಿನ ಕಿಸೆಗೆ ತುರುಕಿ, ದುಂಡಪ್ಪನನ್ನು ಕೂಗುತ್ತ ಟಂಟಂ ಹತ್ತಿದನು.

ಮಂಟಪದಲ್ಲಿ ನೂರಾರು ಬಲ್ಬುಗಳ ಕೆಳಗೆ, ಹಸಿರು ಸೀರೆಯ ದಾನೇಶ್ವರಿ ನಿಂತಿದ್ದಳು. ವೀರನು ಎದೆಯನ್ನು ಮುಂದೆ ಮಾಡಿ, ಗಂಟು ಎಲ್ಲಕ್ಕಿಂತ ಮೊದಲು ಕಾಣುವಂತೆ ವೇದಿಕೆಯ ಮೆಟ್ಟಿಲೇರಿದನು. ಅವಳು ತಲೆಯೆತ್ತುವಷ್ಟರಲ್ಲಿ ಬೀಗರು ಮುಂದೆ ಬಂದು, ಮೊಣಕಾಲಿನ ತನಕ ಬರುವ, ತೊಡೆಯಷ್ಟು ದಪ್ಪದ ಗುಲಾಬಿ ಹಾರವೊಂದನ್ನು ಅವನ ಕೊರಳಿಗೆ ಹಾಕಿದರು. ಅದರ ಮೇಲೆ ಸುಗಂಧರಾಜದ ಹಾರ. ಅದರ ಮೇಲೆ ಒಂದು ಶಾಲು.

ಟೈ ಎಲ್ಲಿಯೂ ಕಾಣಲಿಲ್ಲ. ಅಂಗಿಯೇ ಕಾಣಲಿಲ್ಲ. ಗದ್ದದಿಂದ ಮೊಣಕಾಲಿನ ತನಕ ಶ್ರೀಶೈಲನೆಂಬುದು ಬರೀ ಹೂವು. ಅವನು ಹೆಬ್ಬೆರಳಿನಿಂದ ಮೆಲ್ಲಗೆ ಹಾರವನ್ನು ಬದಿಗೆ ಸರಿಸಿದನು. “ಅಣ್ಣಾರ, ಮಾಲಿ ನಡಕ ಇರ್ಲಿ,” ಎಂದು ಫೋಟೋದವನು ಓಡಿಬಂದು ಸರಿಮಾಡಿದನು. ಅವನು ಮತ್ತೆ ಸರಿಸಿದನು. ಫೋಟೋದವನು ಮತ್ತೆ ಬಂದನು. ಜನರು ಸಾಲಾಗಿ ಬಂದು ಕೈಕುಲುಕಿ ಹೋಗುತ್ತಲೇ ಇದ್ದರು. ಇಡೀ ಓಣಿಯೇ ನಡುಗಿದ ಆ ಯುದ್ಧದ ವಿಜಯಧ್ವಜವು ಒಂದೇ ಒಂದು ಫೋಟೋದಲ್ಲೂ ಬೀಳದೆ ಗುಲಾಬಿಯಡಿಯಲ್ಲಿ ಬೆವೆತು, ಗಂಜಿ ಕರಗಿ, ಅಂಗಿಗೆ ಅಂಟಿಕೊಂಡಿತು.

ಊಟದ ಟೇಬಲ್ಲಿಗೆ ಬಂದಾಗ ಹಾರಗಳನ್ನು ತೆಗೆದಿಟ್ಟರು. ದಾನೇಶ್ವರಿ ಅವನ ಕಡೆ ತಿರುಗಿದಳು. ಗಂಟನ್ನು ನೋಡಿದಳು.

“ಸೊಟ್ಟ ಆಗೇತ್ರಿ,” ಎಂದಳು.

“ಹೂಂ.”

“ನಿಶ್ಚೇದಾಗ ನೆಟ್ಟಗಿತ್ತು.”

ಅವನು ಎಲೆಯಲ್ಲಿದ್ದ ಕೋಸಂಬರಿಯನ್ನು ನೋಡಿದನು. ಕೋಸಂಬರಿ ಏನೂ ಸಹಾಯ ಮಾಡಲಿಲ್ಲ. “ಅದು ನಾ ಕಟ್ಟಿದ್ದಲ್ಲ,” ಎಂದನು.

“ಗೊತ್ತೈತಿ.”

“ಗೊತ್ತೈತಿ?”

“ನಮ್ಮಕ್ಕನ ರಿಸೆಪ್ಷನ್ ಫೋಟೋದಾಗ ನಮ್ಮ ಮಾಮಾರ ಕೊರಳಾಗೂ ಅದ ಟೈ ಐತಿ. ಅದ ಹಳದಿ ಗೆರಿ, ಹುಬ್ಬ ಏರಿಸಿದಂಗ. ನಮ್ಮ ಕಾಕಾನ ಮಗನ ಆಲ್ಬಮಿನ್ಯಾಗೂ ಐತಿ. ನೀವು ನಾನ ಕಟ್ಟೀನಿ ಅಂದಾಗ ನನಗ ನಗಿ ತಡಕೊಳ್ಳಾಕ ಆಗಲಿಲ್ಲ. ಆ ಫೋಟೋದಾಗ ನೋಡ್ರಿ, ಬಾಯಿಗೆ ಸೆರಗ ಹಿಡಕೊಂಡೀನಿ.”

“ಮತ್ತ ಯಾಕ ಹೇಳ್ಲಿಲ್ಲ?”

“ಏನ ಮಾಡತೀರಿ ನೋಡೂಣಂತ.” ಅವಳು ಟೈಯ ಕಡೆ ಗದ್ದ ತೋರಿಸಿದಳು. “ಇದನ್ನ ಯಾರ ಕಟ್ಟಿದ್ರು?”

“ನಾನ.”

“ಮತ್ತ ನಾನ ಅಂತೀರಿ.”

“ಈ ಸಲ ಖರೇನ ನಾನ.”

“ಯಾರ ನೋಡ್ಯಾರ?”

ಶ್ರೀಶೈಲನು ಸೋತದ್ದನ್ನು ಇಡೀ ಓಣಿ ಕಂಡಿತ್ತು. ಗೆದ್ದದ್ದನ್ನು ಕಂಡವರು ಒಬ್ಬರೂ ಇರಲಿಲ್ಲ. ಸಾಕ್ಷಿಯೆಂದರೆ ತಾಮ್ರದ ಒಂದು ಕೊಡ. “ಕರೆಂಟ ಬಂತು,” ಎಂದನು. “ಎಲ್ಲಾರೂ ಓಡಿಹ್ವಾದ್ರು.”

ದಾನೇಶ್ವರಿ ಎಡಗೈಯಿಂದ ಟೈಯ ಅಗಲದ ತುದಿಯನ್ನು ಹಿಡಿದು, ಸೀರೆಯ ಸೆರಗಿನ ಹಿಂಬದಿ ನೋಡುವವಳಂತೆ ಮೆಲ್ಲಗೆ ತಿರುಗಿಸಿದಳು. ಹಿಂದಿನ ಸಪೂರದ ತುದಿ ನೆಟ್ಟಗೆ ಕತ್ತರಿಸಿಹೋಗಿತ್ತು. ಕಡಿದ ಅಂಚಿನಲ್ಲಿ ಕೆಂಪು ಹಳದಿ ಎಳೆಗಳು ಬಿಡಿಬಿಡಿಯಾಗಿ ಇಣುಕುತ್ತಿದ್ದವು. ಅವಳೂ ಮಗ್ಗದ ಮನೆಯವಳೇ. ಬೆರಳಿನಿಂದ ಆ ಅಂಚನ್ನು ಒಮ್ಮೆ ಸವರಿದಳು.

“ಗಂಟ ಹಾಕಿ ಬಾಲ ಕತ್ತರಿಸೀರಿ,” ಎಂದಳು.

“ಕೈ ತಡೀಲಿಲ್ಲ.”

ಈ ಸಲ ಅವಳು ಸೆರಗು ಹಿಡಿಯಲಿಲ್ಲ. ಊಟದ ಸಾಲಿನ ಕೊನೆಯವರೂ ತಿರುಗಿ ನೋಡುವಷ್ಟು ಜೋರಾಗಿ ನಕ್ಕಳು. ನಕ್ಕು, ಕಣ್ಣೊರೆಸಿಕೊಂಡು, “ಇದು ನಿಮ್ಮದ,” ಎಂದು ತೀರ್ಪು ಕೊಟ್ಟು, ತನ್ನ ಎಲೆಯ ಹೋಳಿಗೆಯಲ್ಲಿ ಅರ್ಧ ಮುರಿದು ಅವನ ಎಲೆಗೆ ಹಾಕಿದಳು.

ಹೀಗೆ ಕಂಠಪಾಶಮರ್ದನನಾದ ಶ್ರೀಶೈಲನು ಜಯಶಾಲಿಯಾದನು. ಆ ಟೈಯನ್ನು ಅವನು ಸಡಿಲಿಸಿ ತಲೆಯ ಮೇಲಿಂದ ತೆಗೆದು ಗುರುಪಾದಪ್ಪನ ಕೈಗಿತ್ತನು. ಗುರುಪಾದಪ್ಪನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಹುಬ್ಬ ಹೋತು, ಈಗ ಮೂಗ ಸೊಟ್ಟ ಮಾಡಿದಂಗ ಐತಿ, ಇರ್ಲಿ” ಎಂದು ಮೊಳೆಗೆ ತೂಗುಹಾಕಿದನು. ಅದರ ಕೆಳಗೆ ಒಂದು ಕುರ್ಚಿ ಹಾಕಿಕೊಂಡು, ನೀಲವ್ವ ಆ ಕಡೆ ಬಂದಾಗಲೆಲ್ಲ ಅದರ ಮೇಲೆ ಕೂರುತ್ತಾನೆ.

ಇನ್ನು ಆ ಮಹಾಸಮರದಲ್ಲಿ ಛೇದಿತವಾದ ಶತ್ರುವಿನ ಅಂಗವಿದೆಯಲ್ಲ, ನಾಲ್ಕು ಬೆರಳಿನ ಆ ತುಂಡು, ಅದು ಮದುವೆಯ ಮರುದಿನ ಪ್ಯಾಂಟು ಒಗೆಯುವಾಗ ಕಿಸೆಯಲ್ಲಿ ನೀಲವ್ವನಿಗೆ ಸಿಕ್ಕಿತು. ಅವಳು ಅದನ್ನು ಎಳೆದು ನೋಡಿದಳು. ಗಂಜಿ ಇನ್ನೂ ಸ್ವಲ್ಪ ಉಳಿದಿತ್ತು, ಗಟ್ಟಿಯಾಗಿತ್ತು. ಉಳಿದ ಬೂಂದಿಯ ಚೀಲದ ಬಾಯಿಗೆ ಇರುವೆ ಹತ್ತದಂತೆ ಅದನ್ನು ಸುತ್ತಿ, ಒಂದು ಗಂಟು ಹಾಕಿದಳು.